ಸಾರಿಸಿದ ಗೋಡೆ

ಸ್ವಾತಂತ್ರ್ಯ ಬಂದ ಮರುವರ್ಷ ಬಾಡಿಗೆ ಮನೆಗಳ ತಪಾಸಣೆ ಶುರುವಾಯಿತು. ಗೋಡೆಯ ತೇವ ಇನ್‌ಸ್ಪೆಕ್ಟರರ ಕಣ್ಣಿಗೆ ಬಿದ್ದರೆ ಮಾಲೀಕ ದುರಸ್ತಿ ಮಾಡಿಸಲೇಬೇಕೆಂಬುದು ನಿಯಮ. ಬೆಟಗೇರಿಯ ನೇಕಾರರ ಉಡಚವ್ವನಿಗೆ ಅದೊಂದೇ ಆಸೆ. ಗಟಾರದ ನೀರು ಗೋಡೆಯಲ್ಲಿ ಜಿನುಗಿ ಮಗ್ಗದ ಕುಣಿ ನಾರುತ್ತಿತ್ತು. ಅದರಲ್ಲಿ ಕಾಲಿಳಿಬಿಟ್ಟು ನೇಯುವ ಗಂಡನ ಪಾದಗಳು ಕೊಳೆಯತೊಡಗಿದ್ದವು.

ಆದರೆ ದೊಡ್ಡವರು ಮನೆಗೆ ಬರುವಾಗ ಹೊಲಸು ತೋರಿಸುವುದುಂಟೇ? ತಪಾಸಣೆಯ ದಿನ ರೂಢಿಯಂತೆ ಅವಳು ನಸುಕಿನಲ್ಲೆದ್ದು ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಂಗಳಕ್ಕೆ ರಂಗೋಲಿ ಹಾಕಿದಳು.

ಇನ್‌ಸ್ಪೆಕ್ಟರು ಹೊಸ್ತಿಲಲ್ಲೇ ನಿಂತು ಅವಳು ಕೊಟ್ಟ ಚಹಾ ಕುಡಿದರು.

"ಗ್ವಾಡಿ ಹಸಿ ಐತ್ರಿ ಸಾಹೇಬ್ರ, ಗಟಾರದ ನೀರು," ಎಂದಳು ಉಡಚವ್ವ.

"ಈಗರ ಸಾರಿಸೀದಿ, ಹಸಿ ಇರದ ಒಣಗಿರ್ತೈತೇನಬೇ?" ಸಾಹೇಬರ ಜೊತೆಗೆ ಬಂದಿದ್ದ ಮಾಲೀಕ ಹುಚ್ಚೀರಪ್ಪ ನಕ್ಕ. "ಬರ್ಕೋರಿ ಸಾಹೇಬ್ರ, ಮನಿ ಕನ್ನಡಿ ಹಂಗೈತಿ."

ಸಾಹೇಬರು ವಹಿಯಲ್ಲಿ ಹಾಗೆಯೇ ಬರೆದುಕೊಂಡರು.

ಹುಚ್ಚೀರಪ್ಪನ ನಗೆಗಿಂತ ತನ್ನ ಉಗುರಲ್ಲಿ ಉಳಿದ ಕೆಮ್ಮಣ್ಣೇ ಅವಳಿಗೆ ಹೆಚ್ಚು ಹೇಸಿಗೆ ತಂದಿತು. ಕುಡುಗೋಲು ತಂದು ಗೋಡೆಯನ್ನು ಕೆರೆದಳು. ಒಳಗಿನಿಂದ ಕಪ್ಪು ಕೆಸರು ಗಬ್ಬೆಂದು ಉದುರಿತು. ಅದನ್ನು ಬೊಗಸೆ ತುಂಬ ಎತ್ತಿ ಸಾಹೇಬರ ತೆರೆದ ವಹಿಯ ಮೇಲೆ ಸುರಿದಳು.

"ಈಗ ಇದನ್ನ ಮೂಸಿ ಬರೀರಿ."