ಬಿಳಿ ಸೀರೆ ಒಣಹಾಕಿದ ಮನೆ

ಮನೆ ನೋಡಲು ಹೋದವರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬಾಗಿಲು ಪೂರ್ವಕ್ಕಿದೆಯೇ ಎಂದು ಕೇಳುತ್ತಾರೆ. ಸುಂಕಲಮ್ಮ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಅಂಗಳದಲ್ಲಿ ಒಣಹಾಕಿ, ಸಂಜೆ ಬಂದು ಅದರ ಬಣ್ಣ ನೋಡುತ್ತಿದ್ದಳು.

ಹುಟ್ಟಿದ್ದು ಸಂಡೂರಿನ ಗಣಿಯ ಮಗ್ಗುಲ ಕೂಲಿಕೇರಿಯಲ್ಲಿ. ಅಲ್ಲಿ ಹಸಿಗೂಸಿದ್ದ ಮನೆಯವರು ತೊಟ್ಟಿಲು ಎಲ್ಲಿ ಕಟ್ಟಬೇಕೆಂದು ಹೀಗೇ ನೋಡುತ್ತಿದ್ದರು. ಯಾವ ಮೂಲೆಯಲ್ಲಿ ಬಟ್ಟೆ ಕಡಿಮೆ ಕೆಂಪಾಗುತ್ತದೋ ಆ ಮೂಲೆಗೆ ತೊಟ್ಟಿಲು. ಸುಂಕಲಮ್ಮನಿಗೂ ಅವಳವ್ವ ಒಂದು ಮೂಲೆ ಹುಡುಕಿದ್ದಳು. ಆದರೆ ನಡೆಯಲು ಕಲಿತ ಕೂಸು ಮೂಲೆಯಲ್ಲಿ ಕೂರುತ್ತದೆಯೇ? ಅವ್ವನ ಬೆನ್ನಿಗೆ ಬಿದ್ದು ಅದಿರು ಒಡೆಯುತ್ತ, ಜರಡಿ ಹಿಡಿಯುತ್ತ ಬೆಳೆದಳು. ಅದಿರಿನ ಕೆಂಪು ಧೂಳು ಎದೆಯೊಳಗೆ ಬಿಡಾರ ಹೂಡಿತು. ಬಾಡಿಗೆ ಕೊಡದ ಬಿಡಾರ, ಬಿಡಿಸುವವರೂ ಇಲ್ಲ.

ಅವಳನ್ನು ಉಳಿಸಿದ್ದು ಮದುವೆ. ಗಂಡ ನಾಗೇಂದ್ರಪ್ಪನಿಗೆ ತುಂಗಭದ್ರಾ ಡ್ಯಾಮಿನಲ್ಲಿ ಗೇಟಿನ ಕೆಲಸ. ಕ್ವಾರ್ಟರ್ಸಿನ ಹಿಂದೆ ಬೇವಿನ ಮರಗಳು, ಅವುಗಳಾಚೆ ನೀರಿನ ಗಾಳಿ. ಉಸಿರು ಕಟ್ಟಿದಾಗ ಬಾಯಿಗೆ ಹಿಡಿಯುವ ಪಂಪು ವರ್ಷಗಟ್ಟಲೆ ಡಬ್ಬಿಯಲ್ಲೇ ಉಳಿಯಿತು. ಈಗ ನಾಗೇಂದ್ರಪ್ಪ ನಿವೃತ್ತನಾಗಿದ್ದ. ಬರುವ ತಿಂಗಳು ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಬೇಕು. ಡಾಕ್ಟರು ಮಾತ್ರ ಮುಲಾಜಿಲ್ಲದೆ ಹೇಳಿದ್ದರು: "ಮತ್ತ ಧೂಳಿನಾಗ ಹೋಗಿ ಕುಂತ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ ನೋಡಮ್ಮ."

ಹೊಸಪೇಟೆಯೊಳಗಿನ ಮನೆಗಳು ಕೈಗೆಟುಕುವಂತಿರಲಿಲ್ಲ. ಬ್ರೋಕರ್ ಗಾದಿಲಿಂಗ ಊರಾಚೆಯ ಎರಡು ಬಡಾವಣೆಗಳಲ್ಲಿ ಮಾರಾಟಕ್ಕಿದ್ದ ಒಂದೊಂದು ಮನೆ ತೋರಿಸಿದ. ಮೊದಲನೆಯದು ಸಂಡೂರು ರಸ್ತೆಗೆ. ಒಡೆಯ ಲಾರಿ ಮೆಕ್ಯಾನಿಕ್ ಪಕ್ಕೀರಪ್ಪ, ಪಕ್ಕದ ಮನೆಯಲ್ಲೇ ವಾಸ. "ಬರ್ರಿ ಅಕ್ಕ, ಕುಂದ್ರಿ, ಚಾ ಕುಡಿರಿ, ಆಮ್ಯಾಲ ಮನಿ" ಎಂದವನು ಇವರ ಹೆಸರನ್ನು ಕೇಳಿದ್ದೂ ಚಹಾ ಮುಗಿದ ಮೇಲೆ. ದೊಡ್ಡ ಅಡುಗೆಮನೆ, ಒಳ್ಳೆಯ ಗಾರೆ. ಸುಂಕಲಮ್ಮ ಗಂಡನ ಹೊಸ ಬಿಳಿ ಪಂಚೆಯನ್ನು ಒದ್ದೆ ಮಾಡಿ ಹಾಕಿ ಬಂದಳು.

ಸಂಜೆ ಬಂದು ನೋಡಿದರೆ ಪಂಚೆ ಕುಂಕುಮದ ನೀರಿನಲ್ಲಿ ಅದ್ದಿದ ಹಾಗಿತ್ತು. ಅದಿರು ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಪಂಚೆ ಕೊಡವಿದ್ದೇ ತಪ್ಪಾಯಿತು, ಅವಳಿಗೆ ಕೆಮ್ಮು ಹತ್ತಿತು, ಪಂಪು ಹಿಡಿದರೂ ಉಸಿರು ಸಿಗಲಿಲ್ಲ. ಪಕ್ಕೀರಪ್ಪನ ಹೆಂಡತಿ ಓಡಿಬಂದು ಅವಳನ್ನು ತನ್ನ ಮಂಚದ ಮೇಲೆ ಕೂರಿಸಿ, ಬೆನ್ನು ನೀವಿ, ತಾನು ಕುಡಿಯುವ ಲೋಟದಲ್ಲೇ ನೀರು ಕುಡಿಸಿದಳು. ಉಸಿರು ತಿರುಗಿದ ಮೇಲೆ ಸುಂಕಲಮ್ಮ ಅತ್ತಳು. ಇಷ್ಟು ಒಳ್ಳೆಯ ಜನ ಇಷ್ಟು ಕೆಟ್ಟ ಗಾಳಿಯಲ್ಲಿರಬೇಕೇ ಎಂದು ಸಿಟ್ಟೂ ಬಂತು.

ಎರಡನೆಯ ಮನೆ ಕಂಪ್ಲಿ ಕಡೆಯ ಕಾಲುವೆ ದಂಡೆಯ ಬಡಾವಣೆಯಲ್ಲಿ. ಬಸ್ಸಿನಿಂದ ಇಳಿಯುತ್ತಲೇ ಎದೆ ಹಗುರಾಯಿತು. ಒಂದು ಕಡೆ ನೀರು, ಒಂದು ಕಡೆ ಭತ್ತದ ಗದ್ದೆ. ಆದರೆ ಗೇಟಿನ ಮುಂದೆ ಗಾದಿಲಿಂಗ ನಿಂತುಬಿಟ್ಟ.

"ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಲ್ಲಿ ಜಾತಿ ನೇರ ಕೇಳಂಗಿಲ್ಲ, ಮನಿದೇವ್ರು ಯಾರಂತಾರ. ಹುಲಿಗೆಮ್ಮ ಅಂದುಬಿಡ್ರಿ. ಆಕಿಗೆ ಎಲ್ಲಾ ಮಂದಿ ನಡ್ಕೋತಾರ."

"ನಮ್ಮನ್ಯಾಗ ಇರೋದು ಬುದ್ಧನ ಫೋಟೊ. ಅದನ್ನ ಎಲ್ಲಿ ಮುಚ್ಚಿಡ್ಲಿ?" ಎಂದ ನಾಗೇಂದ್ರಪ್ಪ. ಹೆಂಡತಿಯ ಮುಖ ನೋಡಿ ತಾನೇ ಗೇಟು ತೆರೆದ.

ಒಡತಿ ಅನುಸೂಯಾ ನಗುನಗುತ್ತ ಮನೆಯನ್ನೆಲ್ಲ ತೋರಿಸಿ, ಕೊನೆಗೆ ಹಿತ್ತಲಲ್ಲಿ ನಿಂತು, ಗಾದಿಲಿಂಗ ಹೇಳಿದ ಹಾಗೆಯೇ ಕೇಳಿದಳು. ಗಂಡ ಬಾಯಿ ತೆರೆಯುವ ಮೊದಲೇ ಸುಂಕಲಮ್ಮ "ಹುಲಿಗೆಮ್ಮ ರೀ" ಎಂದಳು. ಪೂರ್ತಿ ಸುಳ್ಳೇನಲ್ಲ, ಅಜ್ಜಿ ನಡೆದುಕೊಳ್ಳುತ್ತಿದ್ದದ್ದು ಹುಲಿಗೆಮ್ಮನಿಗೇ. ಆದರೂ ನಾಲಿಗೆ ಕಹಿಯಾಯಿತು. ಉಸಿರಾಡುವ ಆಸೆಗೆ ಮನುಷ್ಯ ಏನೇನು ನುಂಗುತ್ತಾನೋ!

"ಒಂದು ಬಟ್ಟಿ ಒಣಹಾಕ್ಲೇನ್ರಿ? ಸಂಜೀಗೆ ಬಂದು ಒಯ್ತೀವಿ."

ಅನುಸೂಯಾ ನಕ್ಕು, ತನ್ನ ಹಗ್ಗವನ್ನೇ ತೋರಿಸಿದಳು. ಪಂಚೆಯ ಕೆಂಪು ಎಷ್ಟು ಒಗೆದರೂ ಬಿಟ್ಟಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಬಿಳಿಯದೆಂದರೆ ಇದೊಂದೇ ಎಂದು ಸುಂಕಲಮ್ಮ ತನ್ನ ಸೀರೆಯನ್ನು ತಂದಿದ್ದಳು. ಬುದ್ಧ ಪೂರ್ಣಿಮೆಗೆ ಮಾತ್ರ ಉಡುವ, ನೀಲಿ ಅಂಚಿನ ಸೀರೆ. ಅವಳ ತಲೆಯ ತುಂಬ ಗಾಳಿಯ ಯೋಚನೆಯೇ ಇತ್ತು. ಅಂಚಿನ ಯೋಚನೆ ಹೊಳೆಯಲೇ ಇಲ್ಲ.

ಸಂಜೆಯವರೆಗೆ ದಂಡೆಯ ಮೇಲೆ ಕೂತು ಗಂಡ ಹೆಂಡತಿ ಸಂಸಾರ ಹೂಡಿಯೇಬಿಟ್ಟರು. ಮಂಚ ಎಲ್ಲಿ, ಬುದ್ಧನ ಫೋಟೊ ಎಲ್ಲಿ, ಮಗಳು ದೇವಿಕಾ ಬಂದರೆ ಮಲಗುವುದೆಲ್ಲಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರಂತೆ, ಹಾಗೆ.

ಹೋಗಿ ನೋಡಿದರೆ ಹಿತ್ತಲಲ್ಲಿ ಹಗ್ಗವೇ ಇರಲಿಲ್ಲ. ಬಿಚ್ಚಿ, ಸುತ್ತಿ, ಕಸದ ಬುಟ್ಟಿಗೆ ಹಾಕಿದ್ದರು. ಸೀರೆ ಕಾಂಪೌಂಡಿನ ಆಚೆ ಬಿದ್ದಿತ್ತು. ಅದನ್ನು ಎತ್ತಿ ಎಸೆದ ಕೋಲು ಗೋಡೆಗೆ ಒರಗಿಕೊಂಡಿತ್ತು.

ಅನುಸೂಯಾ ಕಿಟಕಿಯ ಒಳಗಿನಿಂದಲೇ ಮಾತಾಡಿದಳು. "ಯಜಮಾನ್ರು ಮನಿ ಮಾರೋದು ಬ್ಯಾಡ ಅಂದಾರ. ಅವರ ತಮ್ಮ ಬರ್ತಾನಂತ." ಕಿಟಕಿಯ ಬಾಗಿಲಿಗೆ ಕೈ ಹಾಕಿ, "ಪೂರ್ಣಿಮಿ ದಿನ ಇಂಥವೇ ಸೀರಿ ಉಟ್ಕೊಂಡು ಹೆಣ್ಮಕ್ಕಳು ಮೆರವಣಿಗಿ ಹೋದ್ರಲ್ಲ... ಮೊದಲ ಹೇಳಬೇಕಿಲ್ರಿ?" ಎಂದು ಕಿಟಕಿ ಹಾಕಿಕೊಂಡಳು.

ಸುಂಕಲಮ್ಮ ಸೀರೆಯನ್ನು ಎತ್ತಿ ಮಣ್ಣು ಕೊಡವಿದಳು. ಬಿಸಿಲಿಗೆ ಗರಿಗರಿಯಾಗಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಎಲ್ಲಿಯೂ ಕೆಂಪಿನ ಒಂದು ಚುಕ್ಕೆ ಇರಲಿಲ್ಲ. ಪರೀಕ್ಷೆಯಲ್ಲಿ ಮನೆ ಪಾಸಾಗಿತ್ತು, ಫೇಲಾದವಳು ಅವಳು.

"ಬಿಡಂಗಿಲ್ಲ ನಾನು. ಕಾನೂನು ಐತಿ, ಕೇಸ್ ಹಾಕ್ತೀನಿ!" ನಾಗೇಂದ್ರಪ್ಪ ಗೇಟು ಹಿಡಿದು ಅಲ್ಲಾಡಿಸಿದ. ಡ್ಯಾಮಿನ ಗೇಟುಗಳನ್ನೇ ಎತ್ತಿದ್ದ ಕೈಗಳು; ಸದ್ದು ಓಣಿಗೆಲ್ಲ ಕೇಳಿಸಿತು.

ಸುಂಕಲಮ್ಮ ಅವನ ತೋಳು ಹಿಡಿದಳು. "ಹಾಕು, ಗೆಲ್ಲು. ಆಮ್ಯಾಲ ನನಗ ಉಸಿರು ಸಿಕ್ಕೊಂಡ ದಿನ ಈ ಓಣ್ಯಾಗಿನ ಮಂದಿ ಕದ ತೆಗಿತಾರೇನು? ಬೆನ್ನು ಮುಟ್ತಾರೇನು?"

ಗಂಡ ಗೇಟು ಬಿಟ್ಟ.

ರಸ್ತೆಗೆ ಬಂದ ಮೇಲೆ ಗಾದಿಲಿಂಗ ಮೆಲ್ಲಗೆ, "ಇದೇ ಲೈನಿನಾಗ ಇನ್ನೊಂದೈತ್ರಿ. ಈ ಸಲ ಸೀರಿ ಹಾಕಬ್ಯಾಡ್ರಿ ಅಷ್ಟ" ಎಂದ.

"ಬ್ಯಾಡಪ್ಪ. ಪಕ್ಕೀರಪ್ಪಗ ಫೋನ್ ಹಚ್ಚು."

"ಅಲ್ಲಿ ನೀ ಉಳಿಯಂಗಿಲ್ಲಲೇ ಸುಂಕೀ," ಎನ್ನುತ್ತ ನಾಗೇಂದ್ರಪ್ಪ ನಡುರಸ್ತೆಯಲ್ಲಿ ಅತ್ತ.

"ಅಲ್ಲಿ ಸತ್ರ ಎತ್ತಾಕ ನಾಕು ಮಂದಿ ಬರ್ತಾರ" ಎಂದಳು. ಅಂದ ಮೇಲೆ ಅವಳಿಗೇ ಹೆದರಿಕೆಯಾಯಿತು. ಸಾಯುವ ಮನಸ್ಸು ಅವಳಿಗೆ ಒಂದಿಷ್ಟೂ ಇರಲಿಲ್ಲ. ಮಗಳ ಮದುವೆ ನೋಡಬೇಕಿತ್ತು.

ಗಾದಿಲಿಂಗ ನಂಬರು ಹುಡುಕತೊಡಗಿದ. ಸುಂಕಲಮ್ಮ ಸೀರೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

"ಒಂದೀಟು ತಡೀರಿ," ಎಂದಳು. "ಈ ರೋಡು ಸರಕಾರದ್ದು, ಇಲ್ಲಿ ನಿಂತ್ರ ಯಾರೂ ಏನೂ ಅನ್ನಂಗಿಲ್ಲ. ಉಸಿರು ತಗೊಂಡು ಬರ್ತೀನಿ."

ಕಾಲುವೆಯ ಕಡೆ ಮುಖ ಮಾಡಿ ನಿಂತಳು. ನಾಳೆಯಿಂದ ನಲ್ಲಿ ಬರುವುದಿಲ್ಲವೆಂದು ಗೊತ್ತಾದವರು ಮನೆಯ ಕೊಡವನ್ನೆಲ್ಲ ತುಂಬಿಸಿಕೊಳ್ಳುವ ಹಾಗೆ, ಮೂಗರಳಿಸಿ, ಎದೆಯೆತ್ತಿ ಉಸಿರೆಳೆದುಕೊಳ್ಳತೊಡಗಿದಳು. ಆ ಕಡೆಯಿಂದ ಪಕ್ಕೀರಪ್ಪ "ಬರ್ರಿ, ಬರ್ರಿ" ಎನ್ನುತ್ತಿದ್ದದ್ದು ಫೋನಿನಲ್ಲಿ ಕೇಳುತ್ತಿತ್ತು. ಸುಂಕಲಮ್ಮ ಇನ್ನೂ ನಿಂತೇ ಇದ್ದಳು.