ತಿಮ್ಮಿ ಹಾಡು ಎತ್ತದ ದಿನ

ನಮ್ಮ ಕೊಪ್ಪ, ಅಂದರೆ ನಮ್ಮ ಪುಟ್ಟ ಕೇರಿ, ಹೊನ್ನಾವರಕ್ಕೂ ಕುಮಟೆಗೂ ನಡುವೆ, ಹೆದ್ದಾರಿಯಿಂದ ಎರಡು ಕಿಲೋಮೀಟರು ಒಳಗಿದೆ. ಇಪ್ಪತ್ತಾರು ಮನೆಗಳು. ಎಲ್ಲರದೂ ಗದ್ದೆ, ತರಕಾರಿ, ಕೂಲಿ. ಇಲ್ಲಿ ತಿಮ್ಮಿ ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ವಯಸ್ಸು ಅರವತ್ತರ ಹತ್ತಿರ. ಸರಿಯಾಗಿ ಎಷ್ಟು ಎಂದು ಅವಳಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿರುವ ಇಸವಿಯನ್ನು ಅವಳು ನಂಬುವುದಿಲ್ಲ. ವಾರಕ್ಕೆ ಮೂರು ದಿನ ಬಸಳೆ, ಹರಿವೆಯ ಬುಟ್ಟಿ ಹೊತ್ತು ಕುಮಟೆ ಪೇಟೆಯಲ್ಲಿ ಕೂರುತ್ತಾಳೆ. ಉಳಿದ ದಿನ ಗದ್ದೆ. ಗಂಡ ಈರ ತೀರಿಕೊಂಡು ಹದಿನೈದು ವರ್ಷವಾಯಿತು.

ಅವಳ ಹೆಸರು ಹರಡಿರುವುದು ಹಾಡಿನಿಂದ. ನಮ್ಮ ಮದುವೆಗಳಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಹಾಡಿದೆ. ಅರಿಶಿನ ಕುಟ್ಟುವುದಕ್ಕೆ ಬೇರೆ, ನೀರು ತರುವುದಕ್ಕೆ ಬೇರೆ, ಧಾರೆಗೆ ಬೇರೆ. ಹಿರಿಯ ಹೆಂಗಸೊಬ್ಬಳು ಮೊದಲ ಸಾಲು ಹೇಳಬೇಕು. ಅದಕ್ಕೆ ಹಾಡು ಎತ್ತುವುದು ಎನ್ನುತ್ತೇವೆ. ಅವಳು ಎತ್ತಿದ ಮೇಲೆ ಉಳಿದವರು ಹಿಡಿದುಕೊಳ್ಳುತ್ತಾರೆ. ಹಾಡು ಎತ್ತದೆ ಅರಿಶಿನ ಒರಳಿಗೆ ಬೀಳುವುದಿಲ್ಲ. ಅರಿಶಿನ ಆಗದೆ ಮದುಮಗಳು ಹಸೆಗೆ ಬರುವುದಿಲ್ಲ. ಮೂವತ್ತು ವರ್ಷದಿಂದ ನಮ್ಮಲ್ಲಿ ಹಾಡು ಎತ್ತುವವಳು ತಿಮ್ಮಿ.

ತಿಮ್ಮಿಯ ಪಕ್ಕದ ಮನೆ ದಿವ್ಯಶ್ರೀಯದು. ಅವಳ ಗಂಡ ಸಂಜಯ ಹೊನ್ನಾವರದ ಹತ್ತಿರದ ಕಾಸರಕೋಡದಲ್ಲಿ ಬೋಟುಗಳಿಂದ ಮೀನು ಇಳಿಸುವ ಕೆಲಸಕ್ಕೆ ಹೋಗುತ್ತಾನೆ. ಮದುವೆಯಾದ ಎರಡನೇ ವರ್ಷದಿಂದ ಹೆಂಡತಿಗೆ ಹೊಡೆಯುತ್ತಿದ್ದ. ಹೋದ ವರ್ಷಕ್ಕೂ ಹಿಂದಿನ ವರ್ಷದ ಮಳೆಗಾಲ, ನೆಟ್ಟಿ ಸಮಯದಲ್ಲಿ, ಅವಳು ತುಟಿ ಊದಿಸಿಕೊಂಡು ಗದ್ದೆಗೆ ಬಂದಳು. ಬಗ್ಗಿ ಸಸಿ ನೆಡುತ್ತಾ ಅಳತೊಡಗಿದಳು. ತಿಮ್ಮಿ ಕೂಡಲೇ ಹಾಡಿನ ದನಿ ಏರಿಸಿದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಏರಿಸಿದರು. ಹುಡುಗಿ ಮನಸಾರೆ ಅಳಲಿ, ಗದ್ದೆಯಂಚಿನ ಹಾಳಿಯ ಮೇಲೆ ನಿಂತ ಗಂಡಸರಿಗೆ ಕೇಳದಿರಲಿ ಎಂದು. ಇದು ಹಳೆಯ ರೂಢಿ. ತಿಮ್ಮಿ ಹೊಸ ಸೊಸೆಯಾಗಿ ಬಂದಾಗ ಅವಳಿಗೂ ಬೇರೆಯವರು ಹೀಗೆಯೇ ಹಾಡಿದ್ದರಂತೆ.

ಆ ಚಳಿಗಾಲದಲ್ಲಿ ಕುಮಟೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ಕಲ್ಪನಾ ಮೇಡಂ ನಮ್ಮ ಕೊಪ್ಪಕ್ಕೆ ಬಂದರು. ಕೈಯಲ್ಲಿ ನಾಲ್ಕು ಪುಟದ ಪ್ರಶ್ನೆಗಳ ಹಾಳೆ. ತಿಮ್ಮಿಯ ಜಗುಲಿಯಲ್ಲಿ ಕೂತು ಕೇಳಿದರು:

"ನಿಮ್ಮ ಊರಲ್ಲಿ ಹಿಂಸೆ ಇದೆಯಾ, ತಿಮ್ಮಕ್ಕ?"

"ಎಂತದೂ ಇಲ್ಲ ಮೇಡಂ. ಕತ್ತಿ ಗಿತ್ತಿ ಹಿಡಿಯೂರು ಇಲ್ಲ. ಪೊಲೀಸರು ಬಂದದ್ದೇ ಇಲ್ಲ."

"ಹೆಂಗಸರಿಗೆ ಹೊಡೆಯೋದು?"

"ಅದು ಮನೆ ಒಳಗಿನದು ಅಲ್ದಾ? ನೀವು ಹಿಂಸೆ ಕೇಳಿದ್ರಿ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಹೊಡೆಸಿಕೊಂಡವಳು ಅತ್ತರೆ ನೀವೆಲ್ಲ ಏನು ಮಾಡುತ್ತೀರಿ ಎಂದು ಕೇಳಿದರು. ತಿಮ್ಮಿ ಹೆಮ್ಮೆಯಿಂದಲೇ ಹಾಡಿನ ವಿಷಯ ಹೇಳಿದಳು. ಮೇಡಂ ಹಾಳೆಯನ್ನು ಪಕ್ಕಕ್ಕಿಟ್ಟು, "ಹೊಡೆಯುವ ಕೈ ಒಂದು, ತಿಮ್ಮಕ್ಕ. ಆ ಕೈಗೆ ಏನೂ ಆಗದ ಹಾಗೆ ಕಾಯುವ ಕಟ್ಟಳೆ ಇನ್ನೊಂದು. ಲೋಕ ಇರೋದೇ ಹೀಗೆ ಅಂತ ಒಪ್ಪಿಸೋ ಮಾತು ಮೂರನೆಯದು. ನಾವು ಕಾಲೇಜಲ್ಲಿ ಈ ಮೂರನ್ನೂ ಹಿಂಸೆ ಅಂತಲೇ ಕಲಿಸ್ತೇವೆ" ಎಂದರು.

"ನಮ್ಮ ಹಾಡು ಯಾವುದ್ರಲ್ಲಿ ಬತ್ತದೆ?"

"ಅದನ್ನ ನೀವೇ ಹೇಳಬೇಕು."

ಅವರು ಹೋದ ಮೇಲೆ ತಿಮ್ಮಿ ಇಡೀ ಕೊಪ್ಪಕ್ಕೆ ಕೇಳುವಂತೆ ಬೈದಳು. "ಹಾಡಿಗೇ ತಪ್ಪು ಹಿಡೂಕೆ ಬಂದಿತ್ತು. ಒಂದು ಕಟ್ಟು ಬಸಳೆ ಬೇರೆ ಕೊಟ್ಟು ಕಳಿಸ್ದೆ!" ಆದರೆ ಅದರ ನಂತರ ಅವಳು ಗದ್ದೆಯಲ್ಲಿ ಹಾಡುವುದು ಕಡಿಮೆಯಾಯಿತು. ಯಾಕೆ ಎಂದು ಕೇಳಿದರೆ, ಯೋಚನೆ ಮಾಡ್ತಿದ್ದೆ ಎನ್ನುತ್ತಿದ್ದಳು.

ಏಪ್ರಿಲ್ ಮೊದಲ ವಾರ ಸಂಜಯ ಕಟ್ಟಿಗೆಯಲ್ಲಿ ಹೊಡೆದು ದಿವ್ಯಶ್ರೀಯ ಎಡಗೈ ಮುರಿದ. ಅವಳು ನಾಲ್ಕು ವರ್ಷದ ಮಗಳು ಅಂಕಿತಾಳನ್ನು ಕರೆದುಕೊಂಡು ಶಿರಾಲಿಯ ತವರಿಗೆ ಹೋದಳು. ಎರಡು ದಿನ ಇದ್ದು ಹೋಗು ಎಂದ ಅಣ್ಣ. ಮೂರನೇ ದಿನ ವಾಪಸು ಬಂದಳು. ಕೊಪ್ಪದ ಯಜಮಾನ ಹಮ್ಮ ಗೌಡರ ಅಂಗಳದಲ್ಲಿ ನ್ಯಾಯ ತೀರ್ಮಾನಿಸಲು ಕೂಟ ಸೇರಿತು. ಹಮ್ಮ ಗೌಡರು ಸಂಜಯನ ಸೋದರಮಾವ. ಕೂಟದಲ್ಲಿ ಹೆಂಗಸರು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಅಡುಗೆಮನೆಯ ಬಾಗಿಲ ಬಳಿ ನಿಲ್ಲುತ್ತಿದ್ದರು. ಸಂಜಯ ಒಬ್ಬನೇ ಮಾತಾಡಿದ. "ಇಬ್ಬರೂ ಸುಧಾರಿಸಿಕೊಂಡು ಹೋಗಿ" ಎಂದು ಗೌಡರು ತೀರ್ಮಾನ ಹೇಳಿದರು. ಮನೆಗೆ ಬಂದ ಸಂಜಯ ಹೆಂಡತಿಗೆ, "ಮುಂದಿನ ಸಲ ಕೈ ಅಲ್ಲ, ಕುತ್ತಿಗೆ" ಎಂದ. ಬೇಲಿಯ ಈಚೆ ಬಸಳೆಗೆ ನೀರು ಹಾಕುತ್ತಿದ್ದ ತಿಮ್ಮಿಯ ಕಿವಿಗೆ ಅದು ಬಿತ್ತು. ಈ ಮಾತನ್ನು ನಾನು ತಿಮ್ಮಿಯ ಬಳಿಯೂ ದಿವ್ಯಶ್ರೀಯ ಬಳಿಯೂ ಬೇರೆ ಬೇರೆಯಾಗಿ ಕೇಳಿ ಬರೆದಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳಿದರು.

"ಹೊಡೆದವ ಒಬ್ಬ. ಅವನಿಗೆ ಸುತ್ತ ಬೇಲಿ ಕಟ್ಟಿ ಕೊಟ್ಟದ್ದು ನಾವು. ನನ್ನ ಹಾಡೂ ಆ ಬೇಲಿಯ ಒಂದು ಗೂಟ" ಎಂದು ತಿಮ್ಮಿ ಮರುದಿನ ನಾಗಮ್ಮನಿಗೆ ಹೇಳಿದಳು. ನಾಗಮ್ಮ ಕೊಪ್ಪದಲ್ಲಿ ಎರಡನೆಯ ಹಾಡುಗಾರ್ತಿ. ತಿಮ್ಮಿ ಯಾವಾಗ ದಾರಿ ಬಿಟ್ಟಾಳು ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವಳು.

ಮೇ ತಿಂಗಳಲ್ಲಿ ಹಮ್ಮ ಗೌಡರ ಮಗಳು ಜಯಶ್ರೀಯ ಮದುವೆ ಇತ್ತು. ಅದರಲ್ಲಿ ಹಾಡಬಾರದು ಎಂದು ತಿಮ್ಮಿ ಮೂರು ದಿನ ಮನೆಮನೆ ತಿರುಗಿದಳು.

"ಶುಭಕಾರ್ಯದಲ್ಲಿ ಹಾಡು ನಿಲ್ಸುದು ಅಪಶಕುನ ಅಲ್ದನೆ?" ಎಂದಳು ನಾಗಮ್ಮ.

"ಆ ಹುಡುಗಿ ಕೈ ಮುರಿದದ್ದು ಶಕುನವನೆ?"

ನಾಗಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಿಮ್ಮಿಗೆ ಇದ್ದ ಹೆದರಿಕೆ ಅದೊಂದೇ. ನಾಗಮ್ಮ ಹಾಡು ಎತ್ತಿಬಿಟ್ಟರೆ ಎಲ್ಲ ಮುಗಿಯಿತು. ದಿವ್ಯಶ್ರೀಯ ಪರವಾಗಿ ಬಾಯಿ ತೆರೆಯಲು ಇನ್ನು ಯಾರೂ ಧೈರ್ಯ ಮಾಡುವುದಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಎಂಟು ಗಂಟೆಗೆ ಚಪ್ಪರದಡಿ ಒರಳು ತೊಳೆದು ಇಟ್ಟಿದ್ದರು. ಅರಿಶಿನದ ಕೊಂಬು ಮೊರದಲ್ಲಿತ್ತು. ಹೆಂಗಸರೆಲ್ಲ ಬಂದು ಸುತ್ತ ಕೂತರು. ಯಾರೂ ಬಾಯಿ ತೆರೆಯಲಿಲ್ಲ. ಗೌಡರ ಹೆಂಡತಿ ಮಹಾಲಕ್ಷ್ಮೀ, "ಎತ್ತೆ ತಿಮ್ಮಕ್ಕ" ಎಂದರು. ತಿಮ್ಮಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು. ಮಹಾಲಕ್ಷ್ಮೀ ನಾಗಮ್ಮನ ಕಡೆ ತಿರುಗಿದರು.

ಚಪ್ಪರದಲ್ಲಿದ್ದವರೆಲ್ಲ ನಾಗಮ್ಮನ ಮುಖ ನೋಡಿದರು.

"ನನ್ನ ಗಂಟಲು ಕಟ್ಟಿದೆ, ಅಮ್ಮ" ಎಂದಳು ನಾಗಮ್ಮ.

"ನಿನ್ನೆ ದನಕ್ಕೆ ಬೈದದ್ದು ಹೆದ್ದಾರಿವರೆಗೆ ಕೇಳಿತ್ತಲ್ಲೆ!"

"ಅದಕ್ಕೇ ಕಟ್ಟಿದ್ದು."

ಯಾರೋ ಕಿಸಕ್ಕನೆ ನಕ್ಕರು. ಮದುವೆ ಮನೆಯ ಮೈಕು, ಸ್ಪೀಕರಿನ ಡಬ್ಬ ಎಲ್ಲ ನೋಡಿಕೊಳ್ಳುತ್ತಿದ್ದವ ಸಂಜಯನೇ. "ಈ ಮುದುಕಿಯರು ಇಲ್ಲದಿದ್ರೆ ಎಂತ ಆತು? ಮೊಬೈಲಲ್ಲಿ ಹಾಕ್ತೆ" ಎಂದು ಒಂದು ಸಿನಿಮಾ ಹಾಡು ಹಾಕಿದ. ಡಬ್ಬ ಕಿರುಚಿತು. ಒನಕೆಯನ್ನು ಯಾರೂ ಮುಟ್ಟಲಿಲ್ಲ. ಎರಡು ಹಾಡು ಮುಗಿದು ಮೂರನೆಯದು ಶುರುವಾಗುವ ಹೊತ್ತಿಗೆ ಹಮ್ಮ ಗೌಡರೇ ಹೊರಗೆ ಬಂದು ಅದನ್ನು ಆರಿಸಲು ಹೇಳಿದರು.

"ಎಂತ ಬೇಕು ನಿಂಗೆ, ತಿಮ್ಮಿ?"

"ನಂಗೆ ಎಂತ ಬೇಡ, ಗೌಡ್ರೆ. ದಿವ್ಯಶ್ರೀಗೆ ಕೂತು ಮಾತಾಡೂಕೆ ಜಾಗ ಬೇಕು. ಇಲ್ಲೇ, ಈಗಲೇ."

"ಮದುವೆ ಮನೆಲಿ ಪಂಚಾಯ್ತಿಯಾ?"

"ಕೂಟದಲ್ಲಿ ನಾವು ಮಾತಾಡೂಹಂಗಿಲ್ಲ. ಮದುವೆ ಮನೆಲಿ ನಾವು ಬಾಯಿ ತೆರೀದೆ ನಿಮ್ಮ ಕೆಲಸ ಆಗೂದಿಲ್ಲ. ಮತ್ತೆಲ್ಲಿ ಕೇಳ್ಲಿ?"

ಗೌಡರ ಮುಖ ಕೆಂಪಾಯಿತು. ಅವರು ಏನು ಹೇಳಲು ಹೊರಟಿದ್ದರೋ ನನಗೆ ತಿಳಿಯದು. ಅಷ್ಟರಲ್ಲಿ ಒಳಗಿನಿಂದ ಜಯಶ್ರೀ ಬಂದು ಬಾಗಿಲಲ್ಲಿ ನಿಂತಳು. ಅರಿಶಿನಕ್ಕಾಗಿ ಹಳೆಯ ಸೀರೆ ಉಟ್ಟಿದ್ದಳು. "ಅಪ್ಪ, ನಾಳೆ ನನ್ನ ಕೈ ಮುರಿದ್ರೆ ನಂಗೂ ಸುಧಾರಿಸು ಅಂತ್ಯಾ?" ಎಂದು ಕೇಳಿದಳು. ಜೋರಾಗಿ ಕೇಳಲಿಲ್ಲ. ಆದರೆ ಡಬ್ಬ ನಿಂತಿತ್ತು, ಹಾಡು ಇರಲಿಲ್ಲ. ಆ ಮಾತು ಎಲ್ಲರಿಗೂ ಕೇಳಿತು.

ಹಮ್ಮ ಗೌಡರು ಚಪ್ಪರದ ಕಂಬ ಹಿಡಿದು ಮೆಲ್ಲಗೆ ಕೂತರು. "ಬಾ ಮಗ" ಎಂದು ದಿವ್ಯಶ್ರೀಯನ್ನು ಕರೆದರು.

ಕೈಗೆ ಇನ್ನೂ ಪ್ಲಾಸ್ಟರ್ ಇತ್ತು. ದಿವ್ಯಶ್ರೀ ಚಾಪೆಯ ಮೇಲೆ ಕೂತು ಐದು ವರ್ಷದ ಪೆಟ್ಟುಗಳನ್ನು ಒಂದೊಂದಾಗಿ ಹೇಳಿದಳು, ಯಾವ ತಿಂಗಳು, ಯಾವ ಕಾರಣಕ್ಕೆ. ಹತ್ತು ಗಂಟೆಯವರೆಗೆ ಹೇಳಿದಳು. ಅಳಲಿಲ್ಲ. ಕೊನೆಗೆ, "ಅವ ಮನೆ ಬಿಡಬೇಕು. ನಾ ಸ್ಟೇಷನ್ನಿಗೆ ದೂರು ಕೊಡ್ತೆ, ನೀವು ಸಾಕ್ಷಿ ಬರಬೇಕು" ಎಂದಳು.

"ಮಾವ, ಹೆಂಗಸರ ಮಾತು ಕೇಳಿ..." ಎಂದು ಸಂಜಯ ಮುಂದೆ ಬಂದ.

"ಬಾಯಿ ಮುಚ್ಚು. ಇಷ್ಟು ದಿನ ನಿನ್ನ ಮಾತೇ ಕೇಳಿದ್ದು ನಾ. ಅದು ನನ್ನ ತಪ್ಪು" ಎಂದರು ಗೌಡರು. ಆಮೇಲೆ ದಿವ್ಯಶ್ರೀಗೆ, "ಸೋಮವಾರ ನಾನೇ ಬತ್ತೆ" ಎಂದರು.

ತಿಮ್ಮಿ ಎದ್ದಳು. ಬಾಯಲ್ಲಿದ್ದ ಎಲೆ ಉಗಿದು, ಮುಕ್ಕಳಿಸಿ, ಒರಳಿನ ಮುಂದೆ ಕೂತು, ಯಾರೂ ಅದುವರೆಗೆ ಕೇಳದ ಸಾಲೊಂದನ್ನು ಎತ್ತಿದಳು:

ಒರಳಲ್ಲಿ ಕುಟ್ಟಿದರೆ ಅರಿಶಿನ ಬಣ್ಣ ಬಿಟ್ಟೀತು
ಮನೆಯಲ್ಲಿ ಕುಟ್ಟಿದರೆ ಮಗಳೇನ ಕೊಟ್ಟಾಳು

ಮೊದಲು ಹಿಡಿದುಕೊಂಡವಳು ನಾಗಮ್ಮ. ಕಟ್ಟಿದ್ದ ಗಂಟಲು ತಿಮ್ಮಿಯ ದನಿಯನ್ನೂ ಮೀರಿಸಿತು. ಒನಕೆ ಮೇಲೆದ್ದಿತು. ಅಷ್ಟು ಜೋರಾದ ಹಾಡನ್ನು ನಾನು ನಮ್ಮ ಕೊಪ್ಪದಲ್ಲಿ ಕೇಳಿರಲಿಲ್ಲ. ಅದರ ಅಡಿಯಲ್ಲಿ ಯಾರ ಅಳುವೂ ಇರಲಿಲ್ಲ.

ಗೌಡರು ಮಾತು ಉಳಿಸಿಕೊಂಡರು. ಸೋಮವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದಿವ್ಯಶ್ರೀಯ ಜೊತೆ ಹೊನ್ನಾವರಕ್ಕೆ ಹೋಗಿ ಸಾಕ್ಷಿ ಹೇಳಿದರು. ಸಂಜಯ ಈಗ ಕಾಸರಕೋಡದಲ್ಲೇ ರೂಮು ಮಾಡಿಕೊಂಡಿದ್ದಾನೆ, ಕೊಪ್ಪಕ್ಕೆ ಬರುವಂತಿಲ್ಲ. ಕೋರ್ಟಿನಲ್ಲಿ ಪ್ರಕರಣ ಇನ್ನೂ ನಡೆಯುತ್ತಿದೆ. ಮುಗಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಹನ್ನೊಂದು ತಿಂಗಳಿಂದ ದಿವ್ಯಶ್ರೀಯ ಮೈ ಮೇಲೆ ಒಂದು ಪೆಟ್ಟೂ ಬಿದ್ದಿಲ್ಲ. ಅಂಕಿತಾ ಅಂಗನವಾಡಿಗೆ ಹೋಗುತ್ತಾಳೆ. ಎಡಗೈ ಸ್ವಲ್ಪ ಸೊಟ್ಟಗಿದ್ದರೂ ದಿವ್ಯಶ್ರೀ ರವಿಕೆ ಹೊಲಿದು ಕೊಡುತ್ತಾಳೆ.

ಕೂಟದಲ್ಲಿ ಈಗ ಹೆಂಗಸರಿಗೂ ಚಾಪೆ ಹಾಸುತ್ತಾರೆ. ಹೋದ ತಿಂಗಳು ಚೌಡನ ಮನೆಯ ಜಗಳ ಕೂಟಕ್ಕೆ ಬಂತು. ಚೌಡ ಕೈ ಬೀಸಿ ತನ್ನ ಕತೆ ಶುರು ಮಾಡಿದ. ಅವನ ಹೆಂಡತಿ ತಲೆ ತಗ್ಗಿಸಿ ಹಿಂದೆ ಕೂತಿದ್ದಳು. ಮುಂದಿನ ಸಾಲಿನಿಂದ ದಿವ್ಯಶ್ರೀ ಎದ್ದು ನಿಂತಳು.

"ನೀ ಕೂತ್ಕೊ ಚೌಡಣ್ಣ. ಮೊದ್ಲು ಅವಳು ಹೇಳ್ಲಿ."

ಚೌಡ ಗೌಡರ ಮುಖ ನೋಡಿದ. ಗೌಡರು ಅವನಿಗೆ ಚಾಪೆ ತೋರಿಸಿದರು. ಚೌಡ ಕೂತ. ದಿವ್ಯಶ್ರೀ ಹಿಂದೆ ಹೋಗಿ ಆ ಹೆಂಗಸಿನ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದಳು.