ಗಂಡಸಿಗೊಪ್ಪುವ ಬ್ಯಾನಿ

ಹನ್ನೆರಡು ವರ್ಷದ ಹಿಂದಿನ ಮಾತು. ಅಥಣಿಯ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, "ಥೈರಾಯ್ಡ್ ಸ್ವಲ್ಪ ಕಡಿಮಿ ಐತ್ರಿ, ಕೊಲೆಸ್ಟ್ರಾಲೂ ಏರೇತಿ. ಹಿಂಗ ಬಿಟ್ರ ಮುಂದ ಹಾರ್ಟಿಗೆ ತ್ರಾಸ ಆಗಬಹುದು" ಅಂದರು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಗುಳಿಗೆ, ಆಮೇಲೆ ಒಂದು ತಾಸು ಚಹಾ ಕುಡಿಯಬಾರದು, ದಿನಾ ನಡೆಯಬೇಕು. ಇಷ್ಟೇ.

ಆದರೆ ಅಥಣಿ ಹತ್ತಿರದ ಅನಂತಪುರದ ನಮ್ಮ ಮನೆಯಲ್ಲಿ ಥೈರಾಯ್ಡ್ ಅಂದರೆ ಹೆಂಗಸರ ಬ್ಯಾನಿ. ಅತ್ತಿಗೆಗೂ ಅದೇ ಇತ್ತು. ದ್ರಾಕ್ಷಿ ತೋಟಕ್ಕೆ ಹೋಗುವ ಮೊದಲು ನಾವು ಅಣ್ಣತಮ್ಮಂದಿರು ಕಟ್ಟೆಯ ಮೇಲೆ ಒಟ್ಟಿಗೆ ಕೂತು ಚಹಾ ಕುಡಿಯುವ ರೂಢಿ. ಬೇಡ ಅಂದರೆ ಯಾಕೆ ಅಂತ ಹೇಳಬೇಕು. ಅದಕ್ಕೆ ನಾಚಿ ಎಂಟು ತಿಂಗಳು ಗುಳಿಗೆಯನ್ನು ಚಹಾದ ಜೊತೆಗೇ ನುಂಗಿದೆ. ಹೊಸ ರಿಪೋರ್ಟಿನಲ್ಲೂ ಥೈರಾಯ್ಡ್ ಇದ್ದಲ್ಲೇ ಇತ್ತು. ಡಾಕ್ಟರು ಬೈದರು.

ಮರುದಿನ ಕಪ್ಪು ಬದಿಗೆ ಸರಿಸಿ, "ಚಾ ಒಲ್ಲೆ ಅಣ್ಣಾ. ನನಗ ಹಾರ್ಟಿನ ತ್ರಾಸ ಐತಿ" ಅಂದುಬಿಟ್ಟೆ. ಹಾರ್ಟ್ ಗಂಡಸರ ಬ್ಯಾನಿ, ಯಾರೂ ನಗಲಿಲ್ಲ.

ಅವತ್ತೇ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು ನನ್ನ ಬೆನ್ನಿಂದ ಇಳಿಯಿತು. ನನಗೆ ಮಲಗಲು ಒಂದು ಹೊರಸು, ಅದರ ಮೇಲೆ ದಿಂಬು ಬಂತು. ನಾಕು ಹೆಜ್ಜೆ ನಡೆದು ಬರುತ್ತೇನೆ ಅಂತ ಎದ್ದರೆ ಅಣ್ಣ, "ಸುಮ್ನ ಕುಂದರಲೇ" ಅಂತ ಗದರಿಸುತ್ತಿದ್ದ. ನನಗೇನೂ ಆಗಿಲ್ಲ ಅನ್ನಬೇಕಾದರೆ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ಒಪ್ಪಲಿಲ್ಲ. ಮೂರು ವರ್ಷ ಆ ಹೊರಸಿನ ಮೇಲೆ ಕೂತೆ, ಹೊಟ್ಟೆ ಬಂತು, ಮೆಟ್ಟಿಲು ಹತ್ತಿದರೆ ಎದೆ ಹಿಡಿಯತೊಡಗಿತು.

ಮತ್ತೆ ಅಥಣಿಗೆ ಹೋದೆ. ಡಾಕ್ಟರು ಹೊಸ ರಿಪೋರ್ಟ್ ಹಿಡಿದು, ನಾನು ಕಟ್ಟೆಯ ಮೇಲೆ ಅಣ್ಣನಿಗೆ ಹೇಳಿದ್ದ ಮಾತನ್ನೇ ನನಗೆ ಹೇಳಿದರು.